ಬಿಳಿ ಬಟ್ಟೆಯ ಮೇಲಿನ ಸಾಲು

“ವೈನಿ, ಅಣ್ಣಾರು ಮಷೀನ್ ಮುಗಿಸಿದ್ರೇನ್ರಿ?”

ಇಷ್ಟು ಕೇಳುವಷ್ಟರಲ್ಲಿ ಎದುರು ಮನೆಯ ಪಾರ್ವತೆಮ್ಮ ಬಾಗಿಲ ಚೌಕಟ್ಟು ಹಿಡಿದು ಎರಡು ಸಲ ಉಸಿರು ಎಳೆದುಕೊಂಡಳು. ಗುರುಬಾಯಿ ಒಳಕೋಣೆಯ ಪರದೆಗೆ ಬೆನ್ನು ಕೊಟ್ಟು ನಿಂತು, ಸಂಜೆಗೆ ತಾನೇ ತಂದುಕೊಡುವುದಾಗಿ ಹೇಳಿದಳು. ಹೇಳುವಾಗ ನಕ್ಕಳು ಕೂಡ. ಪಾರ್ವತೆಮ್ಮ ಹೋದ ಮೇಲೂ ಆ ಎದೆಯ ಸಿಳ್ಳು ಇವಳ ಕಿವಿಯಲ್ಲೇ ಉಳಿಯಿತು.

ಪರದೆಯ ಆಚೆ ಅಮೃತಪ್ಪ ನೆಲದ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕುಳಿತಿದ್ದ. ಬೆಳಗಿನ ಉಪ್ಪಿಟ್ಟು ಪಕ್ಕದಲ್ಲಿ ಒಣಗಿ ಗಟ್ಟಿಯಾಗಿತ್ತು. ಅವನ ಮುಂದೆ ಪಾರ್ವತೆಮ್ಮನ ದಮ್ಮಿನ ಮಷೀನು, ಔಷಧಿಯನ್ನು ಹಬೆ ಮಾಡಿ ಮೂಗಿಗೆ ಕೊಡುವಂಥದ್ದು, ಹೊಟ್ಟೆ ಬಗೆದುಕೊಂಡು ಬಿದ್ದಿತ್ತು.

ತಪ್ಪು ತನ್ನದೇ ಎಂದು ಗುರುಬಾಯಿಗೆ ಗೊತ್ತಿತ್ತು. ಆ ಮಷೀನು ಕೆಟ್ಟಿರಲೇ ಇಲ್ಲ. ಒಂದಿಷ್ಟು ಗಡಗಡ ಅನ್ನುತ್ತಿತ್ತು, ಅಷ್ಟೇ. ‘ಕೊಡ್ರಿ, ನಮ್ಮನಿಯವರು ನೋಡ್ತಾರ’ ಎಂದು ಎತ್ತಿಕೊಂಡು ಬಂದವಳು ಇವಳೇ. ಅದೊಂದೇ ಅಲ್ಲ, ಮೂರೂ ಮಹಡಿ ಹತ್ತಿಳಿದು ಯಾರ ಮನೆಯ ಮಿಕ್ಸರು ನಿಂತಿದೆ, ಯಾರ ಇಸ್ತ್ರಿಪೆಟ್ಟಿಗೆ ಕಾಯುತ್ತಿಲ್ಲ ಎಂದು ಕೇಳಿ ಕೇಳಿ ತಂದಿದ್ದಳು. ಯಾಕೆ ತರಬಾರದು? ಬಾಲಾನಗರದ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಸಂದು ಬಿಡದೆ ಭಾಗ ಜೋಡಿಸುತ್ತಿದ್ದ ಫಿಟ್ಟರು ಅವಳ ಗಂಡ. ಪಾರ್ಕಿನ್ಸನ್ ರೋಗ ಬಂದು ಆ ಕೈ ನಡುಗಿ ಚಹದ ಕಪ್ಪನ್ನೂ ಹಿಡಿಯದಂತಾಗಿ, ಅಂಗಿಯ ಗುಂಡಿ ಇವಳೇ ಹಾಕಬೇಕಾಗಿ, ತುತ್ತು ಇವಳೇ ಇಡಬೇಕಾಗಿ, ನೆಂಟರ ಮದುವೆಯ ಪಂಕ್ತಿಯಲ್ಲಿ ಕೂಡುವುದನ್ನೇ ಅವನು ಬಿಟ್ಟಿದ್ದ. ಹೊಸ ಗುಳಿಗೆ ಬಂತು. ಕೈಯ ನಡುಕ ನಿಂತಿತು. ಒಂದು ದಿನ ತಾನಾಗಿಯೇ ಸ್ಕ್ರೂ ತಿರುವುವ ಪೇಚಕಸ್ ಹಿಡಿದು ಸೋರುವ ನಲ್ಲಿ ಬಿಚ್ಚಿದಾಗ ಗುರುಬಾಯಿ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದಿದ್ದಳು.

ಆಮೇಲೆ ಅವನು ಬಿಚ್ಚುವುದನ್ನು ನಿಲ್ಲಿಸಲೇ ಇಲ್ಲ. ಸ್ನಾನ ಮರೆತ. ಊಟಕ್ಕೆ ಕರೆದರೆ ರೇಗಿದ. ಗೋಡೆ ಗಡಿಯಾರ ಹೋಯಿತು, ಫ್ಯಾನಿನ ರೆಗ್ಯುಲೇಟರು ಹೋಯಿತು. ಮಿಕ್ಸರಿನವರು ಕೇಳಿ ಕೇಳಿ ಸುಮ್ಮನಾದರು.

ಆದರೆ ಈಗ ಗುರುಬಾಯಿ ಪರದೆ ಸರಿಸಿ ಒಳಗೆ ಬಂದವಳು ಬಟ್ಟೆಯ ಮೇಲಿನ ಸಾಲನ್ನು ಬಗ್ಗಿ ನೋಡಿದಳು. ಮದುವೆಯಾದ ಹೊಸದರಲ್ಲೇ ಅವನು ಕಲಿಸಿದ್ದ: ಮೊದಲು ಬಿಚ್ಚಿದ್ದು ಎಡಕ್ಕೆ, ಕಡೆಗೆ ಬಿಚ್ಚಿದ್ದು ಬಲಕ್ಕೆ, ಕಟ್ಟುವಾಗ ಬಲದಿಂದ ಹಿಂದಕ್ಕೆ ಬರುವುದು. ಕಸ ಹೊಡೆಯುವಾಗ ಆ ಬಟ್ಟೆಯನ್ನು ಅವಳು ಮುಟ್ಟಿದವಳಲ್ಲ. ಈಗಿನ ಸಾಲಿನಲ್ಲಿ ಎಡಗಡೆ ಎಲ್ಲಕ್ಕಿಂತ ಸಣ್ಣ ಸ್ಕ್ರೂ, ಬಲಗಡೆ ಎಲ್ಲಕ್ಕಿಂತ ದೊಡ್ಡದು. ಗಡಿಯಾರದ್ದು, ಮಿಕ್ಸರಿನದ್ದು, ಪಾರ್ವತೆಮ್ಮನ ಮಷೀನಿನದ್ದು ಎಲ್ಲ ಕೂಡಿ, ಉಜ್ಜಿ ಉಜ್ಜಿ ಹೊಳೆಯುತ್ತಿದ್ದವು.

“ಇದ್ಯಾವ ಸಾಲ್ರಿ? ಯಾವುದು ಯಾವುದರದ್ದು ಅಂತ ಹೆಂಗ ಗೊತ್ತಾಗಬೇಕು?”

“ಹೊಂದಸಾಕತ್ತೀನಿ. ನೀ ಬೆಳಕ ಬಿಡು.”

“ಅಕಿಗೆ ದಮ್ಮ ಹತ್ತೇತ್ರಿ. ಇದನ್ನ ಕಟ್ಟಿ ಕೊಡ್ರಿ ಮದಲ.”

ಅವನು ಒಂದು ಸ್ಕ್ರೂ ಎತ್ತಿದ, ಬೆಳಕಿಗೆ ಹಿಡಿದ, ತಿರುಗಿ ಅದೇ ಜಾಗದಲ್ಲಿಟ್ಟ. ಮತ್ತೆ ಎತ್ತಿದ. ಕೈ ಕಲ್ಲಿನಷ್ಟು ಸ್ಥಿರವಾಗಿತ್ತು. ತಲೆ ಎತ್ತದೆಯೇ, ದನಿ ಇಳಿಸಿ ಹೇಳಿದ:

“ಮನಸು ಬ್ಯಾಡ ಅಂತೈತಿ ಗುರುಬಾಯಿ. ಕೈ ಕೇಳಂಗಿಲ್ಲ. ಮದಲ ನಡಗುವಾಗ ಕೇಳತಿದ್ದಿಲ್ಲ, ಈಗ ನಡಗದಿದ್ರೂ ಕೇಳಂಗಿಲ್ಲ.”

ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಗುಳಿಗೆಯಿಂದಲೇ ಇದೆಲ್ಲ ಆಯಿತೇನೋ, ಡಾಕ್ಟರ ಕಿವಿಗೆ ಹಾಕೋಣವೇ ಎಂದು ಮೆಲ್ಲಗೆ ಕೇಳಿದಳು. ಅವನು ಆಗ ಮೊದಲ ಸಲ ಅವಳ ಮುಖ ನೋಡಿದ.

“ಅವರ ಮುಂದ ಇದನ್ನ ತಗೀಬ್ಯಾಡ. ಗುಳಿಗಿ ಬಿಡಿಸಿದ್ರಂದ್ರ ಮತ್ತ ನೀ ನನ್ನ ಬಾಯಾಗ ತುತ್ತ ಇಡಬೇಕು. ಅಂಥಾ ಬಾಳೆ ನನಗ ಬ್ಯಾಡ. ಆಣಿ ಮಾಡು.”

ಅವಳು ಆಣೆ ಮಾಡಿದಳು.

ಸಂಜೆಯಾಗುವ ತನಕ ಪಾರ್ವತೆಮ್ಮ ತಾಳಲಿಲ್ಲ. ಮಧ್ಯಾಹ್ನವೇ ಮಗ ಹುಲಗೇಶ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ತುಟಿ ನೀಲಿಯಾಗಿದ್ದವು. ಜೀವಕ್ಕೇನೂ ಆಗಲಿಲ್ಲ. ಮಾರನೆಯ ದಿನ ಗುರುಬಾಯಿ ಗಂಜಿ ತೆಗೆದುಕೊಂಡು ಹೋದಾಗ ಪಾರ್ವತೆಮ್ಮ ಮೂಗಿನ ಮುಖವಾಡ ಸರಿಸಿ, “ಹಳೀ ಮಷೀನ್ ಬಿಡ್ರಿ ವೈನಿ, ಅಣ್ಣಾರು ಪಾಪ ಎಷ್ಟ ಅಂತ ಬಡದಾಡ್ತಾರ” ಎಂದಳು. ಬೈದಿದ್ದರೆ ಆಗುತ್ತಿತ್ತು. ಗುರುಬಾಯಿ ಗಂಜಿಯ ಡಬ್ಬಿಯ ಮುಚ್ಚಳ ತೆಗೆಯಲು ಹೋಗಿ ತೆಗೆಯಲಾಗದೆ ಹಾಗೇ ಹಿಡಿದು ಕುಳಿತಳು.

ಅದೇ ವಾರ ಅಮೃತಪ್ಪನ ತಪಾಸಣೆಗೆ ತಾರ್ನಾಕದ ಡಾಕ್ಟರಲ್ಲಿಗೆ ಹೋಗುವುದಿತ್ತು. ಡಾಕ್ಟರು ಕನ್ನಡಕದ ಹುಡುಗಿ. ತೆಲುಗಿನಲ್ಲಿ ಶುರುಮಾಡಿ, ಗುರುಬಾಯಿಯ ಮುಖ ನೋಡಿ ಹಿಂದಿಗೆ ತಿರುಗಿದಳು. ನಡಿಗೆ ಕೇಳಿದಳು, ನಿದ್ದೆ ಕೇಳಿದಳು. ಆಮೇಲೆ, ಈ ಗುಳಿಗೆ ತಗೊಳ್ಳುವ ಎಲ್ಲರಿಗೂ ಕೇಳುವುದೇ ಎಂದು ಹೇಳಿ, ಬಿಡಬೇಕೆಂದರೂ ಬಿಡಲಾಗದ ಚಟವೇನಾದರೂ ಹತ್ತಿದೆಯೇ ಎಂದಳು. ಕೆಲವರು ಇಸ್ಪೀಟಿಗೆ ಬೀಳುತ್ತಾರಂತೆ, ಕೆಲವರು ಬೇಡದ್ದನ್ನೆಲ್ಲ ಕೊಳ್ಳುತ್ತಾರಂತೆ, ಕೆಲವರು ಒಂದೇ ಕೆಲಸಕ್ಕೆ ಅಂಟಿ ಕೂಡುತ್ತಾರಂತೆ. ನಾಚಿಕೆಪಡಬೇಡಿ, ಅದು ಔಷಧಿಯ ಕೆಲಸ, ಮನುಷ್ಯರದ್ದಲ್ಲ ಎಂದೂ ಸೇರಿಸಿದಳು.

“ಕುಛ್ ನಹೀ ಡಾಕ್ಟರ್. ಸಬ್ ಬರಾಬರ್,” ಎಂದ ಅಮೃತಪ್ಪ.

ಡಾಕ್ಟರು ಗುರುಬಾಯಿಯ ಕಡೆ ತಿರುಗಿದಳು. ಗುರುಬಾಯಿ ಗಂಡನ ಕುರ್ಚಿಯ ಕಡೆ ನೋಡುತ್ತಿದ್ದಳು. ಅವನ ಬಲಗೈ ಕುರ್ಚಿಯ ಕೈಯ ಕೆಳಗೆ ಮಾಯವಾಗಿತ್ತು. ಅಂಗಿಯ ತೋಳು ಮಾತ್ರ ಸಣ್ಣಗೆ ಅಲುಗುತ್ತಿತ್ತು. ನಲವತ್ತು ವರ್ಷ ಆ ತೋಳಿನ ಪಕ್ಕದಲ್ಲಿ ಬಾಳಿದವಳಿಗೆ ಬೆರಳು ಕುರ್ಚಿಯ ಸ್ಕ್ರೂ ಬಿಚ್ಚುತ್ತಿವೆ ಎಂದು ಯಾರೂ ಹೇಳಬೇಕಿರಲಿಲ್ಲ.

ಡಾಕ್ಟರು ಅಮೃತಪ್ಪನಿಗೆ, ಆಗಲಿ, ಎರಡೂ ಕೈ ಮುಂದೆ ಚಾಚಿ ಎಂದಳು.

ಅಮೃತಪ್ಪನ ಕೈ ಮೇಜಿನ ಕೆಳಗಿನಿಂದ ಗುರುಬಾಯಿಯ ಕೈಗೆ ಬಂತು. ಬಿಸಿಯಾದ ಒಂದು ಸ್ಕ್ರೂ ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿತು. ಜಾತ್ರೆಗೆ ಹೋದಾಗ ಚಿಲ್ಲರೆ ಕೊಡುತ್ತಿದ್ದ ಹಾಗೆ. ಆಮೇಲೆ ಅವನು ಎರಡೂ ಕೈಗಳನ್ನು ಚಾಚಿದ. ಒಂದು ಬೆರಳೂ ಅದುರಲಿಲ್ಲ. ಡಾಕ್ಟರು ಖುಷಿಯಿಂದ ಬರೆದುಕೊಳ್ಳತೊಡಗಿದಳು.

ಗುರುಬಾಯಿಗೆ ತನ್ನ ಉಸಿರೇ ಕೇಳಿಸುತ್ತಿತ್ತು. ಒಳಗೆ ಹೋಗುವಾಗ ಸಣ್ಣಗೆ ಸಿಳ್ಳು ಹಾಕಿದಂತಿತ್ತು.

ಅವಳು ಕೈ ಎತ್ತಿ ಸ್ಕ್ರೂವನ್ನು ಮೇಜಿನ ಗಾಜಿನ ಮೇಲೆ ಇಟ್ಟಳು. ಅದು ತನ್ನ ತಲೆಯ ಸುತ್ತ ಅರ್ಧ ಸುತ್ತು ಉರುಳಿ ನಿಂತಿತು. ಡಾಕ್ಟರ ಪೆನ್ನೂ ನಿಂತಿತು. ಅಮೃತಪ್ಪ ಯಾರನ್ನೂ ನೋಡಲಿಲ್ಲ. ಅವನ ಎರಡೂ ಕೈ ಇನ್ನೂ ಚಾಚಿಕೊಂಡೇ ಇದ್ದವು, ಗಾಳಿಯಲ್ಲಿ, ಒಂದಿಷ್ಟೂ ಅಲುಗದೆ.