ಯಾವ ತೋಳಿನ ಅಳತೆ

ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವಿನ ಹೆಮ್ಲಾಕ್ ರನ್ ಊರಿನವರು ಆ ನವೆಂಬರಿನಲ್ಲಿ ಹೊಸ ಗವರ್ನರ್ ಬಗ್ಗೆಯೋ, ಮುಚ್ಚಲಿದ್ದ ಕಾಗದದ ಗಿರಣಿಯ ಬಗ್ಗೆಯೋ ಚರ್ಚಿಸಿರಬಹುದು. ಅವೆಲ್ಲ ಸಣ್ಣ ಸಂಗತಿಗಳು. ಗಂಭೀರವಾಗಿ ಪರಿಗಣಿಸಬೇಕಾದದ್ದು ಒಂದೇ: ಆರ್ಡಿಸ್ ಶೂಮೇಕರಳ ಅಡುಗೆಮನೆಯ ಮೇಜಿನ ಮೇಲಿದ್ದ ಬಂದೂಕಿನ, ಹೆಗಲಿಗೆ ಆನಿಸುವ ಮರದ ಹಿಡಿ ಮುಕ್ಕಾಲು ಅಂಗುಲ ಗಿಡ್ಡವಾಗಿತ್ತು. ಅದು ಇನ್ನೂ ಯಾರಿಗೂ ತಿಳಿದಿರಲಿಲ್ಲ.

ಮೇಜಿಗೆ ಹಳೆಯ ಟವೆಲ್ ಹಾಸಿತ್ತು. ಅದರ ಮೇಲೆ ನಳಿಗೆ, ತೋಟಾವನ್ನು ಒಳಗೆ ತಳ್ಳುವ ಬೋಲ್ಟು, ಅದು ಓಡಾಡುವ ಉಕ್ಕಿನ ಗೂಡು, ಆಕ್ರೋಡು ಮರದ ಹಿಡಿ ಎಲ್ಲ ಬಿಡಿಬಿಡಿಯಾಗಿದ್ದವು. ಪಕ್ಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಉಳಿದ ಟರ್ಕಿ ಕೋಳಿಯ ತಟ್ಟೆ.

"ಯಾರದಿದು?" ಎಂದ ಅವಳ ಗಂಡ ಡ್ವೈಟ್, ಕುರ್ಚಿಯಲ್ಲಿ ಕುಳಿತೇ.

"ನಿಂದು," ಎಂದಳು ಆರ್ಡಿಸ್.

"ನಂಗೆ ಬೇಡ."

ಮಾರ್ಚಿನಲ್ಲಿ ಪಾರ್ಶ್ವವಾಯು ಹೊಡೆದಾಗಿನಿಂದ ಡ್ವೈಟನ ಬಲಗೈ ಅವನ ತೊಡೆಯ ಮೇಲೆ ಯಾರೋ ಮರೆತುಹೋದ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು. ಮಾತು ಪೂರ್ತಿ ವಾಪಸು ಬಂದಿತ್ತು. ಅದರಲ್ಲೂ ಬೈಗುಳವೇ ಮೊದಲು ಬಂತೆಂದು ಆರ್ಡಿಸ್ ಚರ್ಚಿನಲ್ಲಿ ಕೇಳಿದವರಿಗೆಲ್ಲ ಸಂತೋಷದಿಂದ ಹೇಳಿದ್ದಳು. ಆದರೆ ಜಿಂಕೆ ಬೇಟೆಯ ಮೊದಲ ಸೋಮವಾರ ಹತ್ತಿರವಾದಂತೆ ಬೈಗುಳವೂ ಕಡಿಮೆಯಾಗಿತ್ತು. "ಬೇಟೆ ಶಿಬಿರಕ್ಕೆ ಬಂದು ಏನ್ಮಾಡ್ಲಿ? ಆಲೂಗಡ್ಡೆ ಸುಲೀಲಾ? ಒಂದು ಕೈಲಿ ಅದೂ ಆಗಲ್ಲ," ಎಂದುಬಿಟ್ಟಿದ್ದ. ಆ ಸೋಮವಾರ ಶಾಲೆಗಳಿಗೂ ರಜೆ ಕೊಡುವ ಊರಿನಲ್ಲಿ ಗಂಡಸು ಮನೆಯಲ್ಲಿ ಉಳಿಯುವುದೆಂದರೆ ಇನ್ನು ಮೇಲೇಳುವುದಿಲ್ಲವೆಂದು ಒಪ್ಪಿಕೊಂಡಂತೆ. ಆರ್ಡಿಸ್‌ಗೆ ನಿದ್ದೆ ಕೆಟ್ಟಿದ್ದು ಅದಕ್ಕೆ.

ಅವಳ ತಮ್ಮ ಹಾರ್ಲನ್ ಟರ್ಕಿಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡ. "ಬೇಡ ಅಂದ್ರೆ ಬಿಡು ಭಾವ. ಜೋಡಿಸಿ ಯಾರಿಗಾದ್ರೂ ಮಾರ್ತೀನಿ. ಒಂದಕ್ಕೊಂದು ಒಪ್ಪುತ್ತಾ ಅಂತ ನೋಡಿ ಹೇಳು, ಅಷ್ಟು ಸಾಕು."

ಇದು ಅಕ್ಕ ತಮ್ಮ ಸೇರಿ ಹೂಡಿದ ಆಟ. ಸುತ್ತಲಿನ ಅರ್ಧ ಊರುಗಳ ಬಂದೂಕುಗಳನ್ನು ಕಟ್ಟಿಕೊಟ್ಟವನು ಡ್ವೈಟ್. ಪ್ರತಿ ಭಾಗವನ್ನೂ ಅದರ ನೆರೆಯ ಭಾಗದ ಜೊತೆ ಕೂಡಿಸಿ ನೋಡದೆ ಒಂದು ತಿರುಪು ಬಿಗಿದವನಲ್ಲ. ಎಷ್ಟೋ ಜನ ಹೆಮ್ಮೆಯಿಂದ ಹೊಸ ನಳಿಗೆ ತಂದು, "ಒಪ್ಪಲ್ಲ" ಎಂಬ ಒಂದೇ ಮಾತು ಕೇಳಿ, ಅದನ್ನು ಕಂಕುಳಲ್ಲಿಟ್ಟುಕೊಂಡು ಹಿಂತಿರುಗಿದ್ದರು. ಬಿಡಿಭಾಗಗಳನ್ನು ಎದುರಿಗಿಟ್ಟರೆ ಅವನಿಗೆ ಸುಮ್ಮನೆ ಕೂರಲಾಗುವುದಿಲ್ಲ.

ಕೂರಲಾಗಲಿಲ್ಲ. ಎಡಗೈ ಮುಂದೆ ಬಂತು.

ಮೊದಲು ಬೋಲ್ಟು ಎತ್ತಿ ನೋಡಿದ. ಅದರ ಹಿಡಿಕೆ ಎಡಗಡೆಗಿತ್ತು, ಎಡಗೈಯವರಿಗೆಂದೇ ಮಾಡಿದ್ದು. "ಹಿಡ್ಕೊಳೋ," ಎಂದು ಉಕ್ಕಿನ ಗೂಡನ್ನು ಹಾರ್ಲನ್ ಕೈಗೆ ಕೊಟ್ಟು ನಳಿಗೆಯನ್ನು ತಿರುಗಿಸಿದ. ತಿರುಪಿನ ಸುತ್ತುಗಳು ಎಣ್ಣೆಯಲ್ಲಿ ಜಾರಿದಂತೆ ಕೂತವು. ಮದ್ದಿಲ್ಲದ ತೋಟಾ ಒಂದನ್ನು ಬೋಲ್ಟಿನ ಮುಖಕ್ಕೆ ಸಿಕ್ಕಿಸಿದ. ಕಚ್ಚಿಕೊಂಡಿತು. ಗೂಡಿನ ತಿರುಪು ತೂತುಗಳಿಗೂ ಮರದ ತೂತುಗಳಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಏನಾದ್ರೂ ತಪ್ಪು ಸಿಗ್ಲಿ ಅಂತ ಹುಡುಕ್ತಿದೀಯ," ಎಂದಳು ಆರ್ಡಿಸ್.

"ತಪ್ಪು ಹುಡುಕೋದೇ ಕೆಲಸ ಕಣೇ. ಹೊಗಳೋಕೆ ನಿನ್ನ ತಮ್ಮನೇ ಸಾಕು."

"ನನ್ನ ಯಾಕೆ ಎಳೀತೀಯ ಭಾವ? ನಾನು ಟರ್ಕಿ ತಿಂತಾ ಇದೀನಿ."

ಕೊನೆಗೆ ಹಾರ್ಲನ್ ಬಿಗಿಯದೆ ಕೂಡಿಸಿಟ್ಟ ಬಂದೂಕಿನ ಮುಂದಿನ ತುದಿಯನ್ನು ಕುರ್ಚಿಯ ಬೆನ್ನಿಗೆ ಆನಿಸಿ ಹಿಡಿದ. ಬೇಟೆಗೆ ಕೂರುವ ಮರದ ಮೇಲಿನ ಅಟ್ಟಣೆಯಲ್ಲಾದರೆ ಆ ಭಾರವನ್ನು ಅಡ್ಡಕಂಬಿ ಹೊರುತ್ತದೆ. ಡ್ವೈಟ್ ಹಿಡಿಯನ್ನು ಎಡ ಹೆಗಲಿಗೆ ಒತ್ತಿ, ಕೆನ್ನೆ ಇಟ್ಟು, ಬೆರಳು ಚಾಚಿದ. ಬೆರಳು ಟ್ರಿಗರನ್ನು ದಾಟಿ ಆಚೆ ಹೋಯಿತು.

"ಗಿಡ್ಡ," ಎಂದ. ದನಿಯಲ್ಲಿ ಗೆದ್ದವನ ಸಮಾಧಾನವಿತ್ತು. "ಅಳತೆ ಯಾರು ಕೊಟ್ಟಿದ್ದು?"

"ನಾನು," ಎಂದಳು ಆರ್ಡಿಸ್. "ನಿಂದೇ ಅಳತೆ. ನೀನು ಮಲಗಿದ್ದಾಗ ತಗೊಂಡೆ. ಮೊಣಕೈಯಿಂದ ತೋರುಬೆರಳಿನವರೆಗೆ. ಸ್ವೆಟರ್ ಹೆಣೆಯೋ ಟೇಪಲ್ಲಿ."

"ಯಾವ ತೋಳು?"

ಅವಳ ಕಣ್ಣು ಅವನ ತೊಡೆಯ ಮೇಲಿನ ಬಲಗೈಗೆ ಹೋಯಿತು. ಮದುವೆಯಾದಾಗಿನಿಂದ ಅವನಿಗಾಗಿ ಏನು ಹೆಣೆದರೂ ಬಲತೋಳಿನಿಂದಲೇ ಶುರು. ಮಂಚದ ಆ ಬದಿಯಲ್ಲೇ ಅವಳು ಮಲಗುವುದು. ಕೈಗೆ ಸಿಕ್ಕಿದ್ದು ಅದು, ಅಳೆದದ್ದು ಅದನ್ನೇ. ಆ ಕೈಯ ಬೆರಳುಗಳು ಒಳಕ್ಕೆ ಮುರುಟಿ ಮುಕ್ಕಾಲು ಅಂಗುಲ ನುಂಗಿಕೊಂಡಿದ್ದವು.

ಹಾರ್ಲನ್ ಜೋರಾಗಿ ನಕ್ಕ. "ಎಡಗೈ ಬಂದೂಕಿಗೆ ಬಲಗೈ ಅಳತೆ! ಅಕ್ಕಾ..." ಅವಳ ಮುಖ ನೋಡಿ ನಗುವನ್ನು ಅಲ್ಲಿಗೇ ನಿಲ್ಲಿಸಿದ. "ಹಿಡಿ ಹಿಂದೆ ದಪ್ಪ ರಬ್ಬರ್ ಪಟ್ಟಿ ಹಾಕಿ ಉದ್ದ ಮಾಡಿದ್ರಾಯ್ತು ಬಿಡು. ಅಂಗಡಿಯವನು ಮಂಗಳವಾರ ತೆಗೀತಾನೆ."

"ಮಂಗಳವಾರ. ಬೇಟೆ ಸೋಮವಾರ," ಎಂದಳು ಆರ್ಡಿಸ್. ಟವೆಲಿನ ಅಂಚನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. "ನಂಗೆ ಆ ಕೈ ಹಾಗಾಗಿದೆ ಅಂತ... ದಿನಾ ನಾನೇ ತೊಳೀತೀನಿ. ಆದ್ರೂ ಹೊಳೀಲೇ ಇಲ್ಲ."

ಡ್ವೈಟ್ ಹೆಂಡತಿಯ ಕಡೆ ತಿರುಗಿದ. "ನನ್ನ ಬೇಟೆ ಕೋಟು ಎಲ್ಲಿ?"

"ಯಾಕೆ?"

"ಅಂಗಿ ಹಾಕ್ಕೊಂಡು ಹಿಮದಲ್ಲಿ ಕೂರ್ತಾರೇನೇ? ತಾ. ಒಳಗಿನ ಉಣ್ಣೆದೂ ತಾ."

ಅವಳು ತಂದಳು. ಬಲಗೈಯನ್ನು ಮಗುವಿನ ಕೈಯಂತೆ ತೋಳಿನೊಳಗೆ ತೂರಿಸಿದಳು. ಕೆಳಗಿನಿಂದ ಮೇಲಕ್ಕೆ ಗುಂಡಿ ಹಾಕುತ್ತ ಬಂದಳು. ಗದ್ದದ ಹತ್ತಿರ ಬಂದಾಗ ಅವನು ತಲೆಯೆತ್ತಿ ಕಾದ. ಒಲೆಯ ಬಿಸಿಗೆ ಅವನ ಹಣೆ ಬೆವರಿತ್ತು. ಮತ್ತೆ ಹಿಡಿಯನ್ನು ಹೆಗಲಿಗೆ ಒತ್ತಿದ, ಕೆನ್ನೆ ಇಟ್ಟ, ಬೆರಳು ಚಾಚಿದ.

ಎರಡು ಕೋಟು ಸೇರಿ ಅರ್ಧ ಅಂಗುಲವೂ ತುಂಬಿರಲಿಲ್ಲ. ನಳಿಗೆ ಹಿಡಿದು ಎದುರಿಗೇ ನಿಂತಿದ್ದ ಹಾರ್ಲನ್‌ಗೆ ಅದು ಚೆನ್ನಾಗಿ ಕಾಣುತ್ತಿತ್ತು.

"ಒಪ್ಪುತ್ತೆ," ಎಂದ ಡ್ವೈಟ್.

"ಭಾವ, ಬೆರಳು ಇನ್ನೂ..."

"ಒಪ್ಪುತ್ತೆ ಅಂದ್ನಲ್ಲೋ. ಬಂದೂಕು ಕಟ್ಟೋನು ನೀನೋ ನಾನೋ? ತಿರುಪು ತಗೋ, ಬಿಗಿ. ಮೊದಲು ಮುಂದಿಂದು. ಅಯ್ಯೋ, ಡಬ್ಬದ ಮುಚ್ಚಳ ತಿರುಗಿಸಿದ ಹಾಗಲ್ಲ, ಮೆಲ್ಲಗೆ!"

ಆರ್ಡಿಸ್ ಒಲೆಯ ಕಡೆ ತಿರುಗಿ, ಆಗಲೇ ಬಿಸಿಯಾಗಿದ್ದ ಕಾಫಿಯನ್ನು ಮತ್ತೆ ಬಿಸಿಗಿಟ್ಟಳು. ಬೈಗುಳ ಬಹಳ ಹೊತ್ತು ನಡೆಯಿತು.

ಸೋಮವಾರ ಇಬ್ಬರು ಕೆಳಗಿನಿಂದ ನೂಕಿ, ಒಬ್ಬ ಮೇಲಿನಿಂದ ಎಳೆದು ಡ್ವೈಟನನ್ನು ಅಟ್ಟಣೆಗೆ ಹತ್ತಿಸಿದರು. ಬಿಸಿಲು ಹಿಮದ ಮೇಲೆ ಬಿದ್ದ ಹೊತ್ತಿಗೆ ಓಕ್ ಮರಗಳ ನಡುವಿನಿಂದ ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ಬಂದು ನಿಂತಿತು. ಡ್ವೈಟ್ ಒಂದೇ ಗುಂಡು ಹಾರಿಸಿದ. ಜಿಂಕೆ ತಲೆಯೆತ್ತಿ, ಯೋಚಿಸಿ, ಹೊರಟುಹೋಯಿತು.

ಗುರಿ ತಪ್ಪಿದವನ ಅಂಗಿಯ ಹಿಂಬದಿಯ ತುದಿ ಕತ್ತರಿಸಿ ಮೊಳೆ ಹೊಡೆದು ಗೋಡೆಗೆ ತಗುಲಿಸುವುದು ಆ ಶಿಬಿರದ ಪದ್ಧತಿ. ಅಲ್ಲಿ ಎಲ್ಲರ ಅಂಗಿಯ ಚೂರುಗಳೂ ಇದ್ದವು, ಅವನೊಬ್ಬನದು ಬಿಟ್ಟು. ಸಂಜೆ ಕತ್ತರಿ ಹಿಡಿದವರು ಯಾಕೋ ಹಿಂಜರಿದರು.

"ಹಿಡಿ ಗಿಡ್ಡವಾಯ್ತಾ ಭಾವ?" ಎಂದು ಹಾರ್ಲನ್ ಮೆಲ್ಲಗೆ ಕೇಳಿದ.

"ಬಂದೂಕಿಗೇನಾಗಿದೆ? ಕಣ್ಣು ನಂದು, ತಪ್ಪೂ ನಂದು. ಕತ್ತರಿಸ್ರೋ, ಚಳಿ ಆಗ್ತಿದೆ," ಎಂದು ಡ್ವೈಟ್ ಬೆನ್ನು ತಿರುಗಿಸಿ ನಿಂತ.

ಕತ್ತರಿಸಿದರು. ಆ ಚಳಿಗಾಲ ಶೂಮೇಕರ್ ಮನೆಯಲ್ಲಿ ಜಿಂಕೆ ಮಾಂಸ ಇರಲಿಲ್ಲ.