ಹೆಸರು ಹಿಡಿದು ಅಳುವಾಕೆ

ತೋಳಿನ ಮೇಲೆ ತಣ್ಣಗೆ ಏನೋ ಸವರಿದಂಗಾಯಿತು, ಸ್ಪಿರಿಟ್ ವಾಸನೆ, ಆಮೇಲೆ ಇರುವೆ ಕಡಿದಷ್ಟೇ ನೋವು — ಆಯ್ತ್ರಿ, ಇನ್ನ ಆರಾಮ ಮಲಗ್ತಾರ, ಅಂದ ಕಂಪೌಂಡರ, ನಾ ಯಾಕ ಮಲಗಬೇಕೋ ಯಪ್ಪಾ ಎಂದು ಕೇಳಹೋದಳು ಸೋನುಬಾಯಿ, ಮಾತು ಹೊರಡಲಿಲ್ಲ, ಪಡಸಾಲೆಯೊಳಗೆ ಮಗಳು ಮಲಗ್ಯಾಳಲ್ಲ, ಸಾಲದೇನು, ಪ್ರಣಿತಾ, ನಿನ್ನೆ ಬಸವಕಲ್ಯಾಣದ ಬಟ್ಟೆ ಅಂಗಡಿಗೆ ದುಡಿಯಲು ಹೋದಾಕಿ, ಹೈವೇ ದಾಟುವಾಗ ಟ್ಯಾಂಕರ್ ಬಡಿದು, ಈಗಷ್ಟೇ ಹುಮನಾಬಾದ್ ದವಾಖಾನೆಯಿಂದ ಬಿಳಿ ಅರಿವೆ ಸುತ್ತಿಕೊಂಡು ದುಬಲಗುಂಡಿಗೆ ಬಂದಾಳ, ಮೂಗಿನೊಳಗೆ ಹತ್ತಿ, ಯಾರು ತುಂಬಿದರೋ ಅಷ್ಟು ಒತ್ತಿ, ಸಣ್ಣಾಕಿ ಇದ್ದಾಗ ನೆಗಡಿಗೆ ಮೂಗು ಕಟ್ಟಿದರೆ ಎದೆ ಮೇಲೆ ಹಾಕಿಕೊಂಡೇ ಕೂಡಬೇಕಿತ್ತು — ಹೊರಗೆ ಮಗ ಶೈಲೇಶ ಹೇಳಾಕತ್ತಾನ, ಅವ್ವಗ ಬಿ.ಪಿ. ಅದರಿ ಕಾಕಾ, ಎದಿ ಬಡ್ಕೊಂಡು ಅತ್ತರ ಆಕಿನೂ ಹೋಗ್ತಾಳ, ಛಲೋ ಮಾಡಿದಿ ಬಿಡಪ್ಪ, ಈಗ ಯಾರು ಹಂಗ ಅಳ್ತಾರ, ಅಂತಾನ ಕಾಕಾ, ಒಳ್ಳೆಯ ಮಗ, ತಾಯಿ ನೋಯಬಾರದಂತ ಸೂಜಿ ಹಾಕಿಸ್ಯಾನ, ಆದರೆ ಹಾಡ್ಯಾಡಿ ಅಳದೆ ಹೆಣ ಹೊಸ್ತಿಲು ದಾಟಬಾರದು ಅನ್ನುತ್ತಿದ್ದಳು ಸೋನುಬಾಯಿಯ ಹಡೆದವ್ವ, ಮೊದಲು ತಾಯಿನೇ ಸತ್ತಾಕಿಯ ಹೆಸರು ಹಿಡಿದು ಕರೀಬೇಕು, ಆಮೇಲೆ ಉಳಿದವರ ದನಿ, ಹುಟ್ಟಿದ್ದು, ಹಲ್ಲು ಬಂದದ್ದು, ಸಿಟ್ಟು, ಸೆಡವು, ಎಲ್ಲ ಹಾಡಿ ಒಪ್ಪಿಸಬೇಕು, ಇಲ್ಲಂದರ ಸತ್ತಾಕಿಗೆ ತಾ ಯಾರ ಮಗಳು ಅನ್ನೋದೇ ಮರೆತು ಹೋಗ್ತದ — ಊರ ಹೆಣಗಳಿಗೆಲ್ಲ ಅತ್ತಾಕಿ ಸೋನುಬಾಯಿ, ಬಾಜೂ ಮನಿ ಮುನ್ನಿ ಬೀ ನಗಾಡುತ್ತಿದ್ದಳು, ನಾ ಸತ್ತರ ನೀನೇ ಬರಬೇಕ ನೋಡು ಸೋನಕ್ಕಾ, ನನ್ನ ಸೊಸೆಂದಿರು ಮೊಬೈಲಿನಾಗ ಮಾರಿ ಇಟ್ಟು ಕೂಡ್ತಾರ, ಎಲ್ಲರಿಗೂ ಅತ್ತ ಬಾಯಿ, ತನ್ನ ಹೊಟ್ಟೆಯ ಕೂಸಿಗೆ, ಏಳಬೇಕು, ಗೋಡೆ ಹಿಡಿದರೆ ಗೋಡೆ ಜಾರಾಕತ್ತದ, ಕಣ್ಣು ಮುಚ್ಚಬಾರದು, ಮುಚ್ಚಿದರೆ ಹತ್ತಿ, ತೆಗೀರೋ ಅದನ್ನ, ಉಸಿರು ಕಟ್ಟತದ ಕೂಸಿಗೆ, ಹಾಡಿನ ಸಾಲು ಸಿಕ್ಕಿತು, ಹಿಟ್ಟಿನ ಕೈಲೆ ಬಾಗಿಲ ತೆರೆದಾಕಿ, ಹೇಳದೆ ಹೊಂಟೆಲ್ಲ ನನ ಮಗಳ, ಅಲ್ಲ, ಹೆಸರು ಮೊದಲು, ಹೆಸರು — ಎತ್ರಿ ಎತ್ರಿ, ಬಿಸಲೇರತದ, ಕಾಲ ಸಪ್ಪಳ, ಚಟ್ಟದ ಬಿದಿರು ಕಿರುಗುಟ್ಟಿದ್ದು, ಒಂದಾದರೂ ಅಳುವ ದನಿ ಇಲ್ಲ, ಸೊಸೆ ವಿಶಾಖಾ ಬಾಗಿಲು ಸರಿಸಿ ಇಣುಕುತ್ತಾಳೆ, ಪಾಪ, ಹ್ಯಾಂಗ ಶಾಂತ ಮಲಗ್ಯಾರ ನೋಡ್ರಿ, ಮಲಗಿಲ್ಲವ್ವ ನಾ, ಮಲಗಿಲ್ಲ, ತಡೀರಿ, ಹೊಸ್ತಿಲು ದಾಟಿಸಬ್ಯಾಡ್ರಿ, ಬಾಯಿ ತೆರೆದಾಳ ಸೋನುಬಾಯಿ, ಒಂದೇ ಹೆಸರು, ತಾನೇ ಇಟ್ಟ ಹೆಸರು, ನಾಲಿಗೆ ಹೊರಳದು, ಗಂಟಲ ತನಕ ಹತ್ತಿ, ಬೆಳ್ಳನ್ನ ಹತ್ತಿ, ಅಷ್ಟು ಒತ್ತಿ ತುಂಬಿದ ಹತ್ತಿ