ಮಹಡಿ ಮನೆಯ ವಾಸನೆ

ಏಳನೆಯ ಮೆಟ್ಟಿಲಿಗೆ ಬಂದಾಗ ಸಂಜಯನ ಮೂಗಿಗೆ ಮತ್ತೆ ಅದೇ ವಾಸನೆ ಬಡಿಯಿತು. ಸುಟ್ಟ ತಂಬಾಕು, ಅನುಮಾನವೇ ಇಲ್ಲ.

ಹಿಂದವಾಡಿಯ ಈ ಮನೆಯ ಮಹಡಿಯನ್ನು ಅಯಾಜನಿಗೆ ಬಾಡಿಗೆ ಕೊಡುವಾಗ ಸಂಜಯ ಹಾಕಿದ್ದು ಒಂದೇ ಕರಾರು: ಬೀಡಿ, ಸಿಗರೇಟು, ತಂಬಾಕು ಯಾವುದೂ ಹೊಸ್ತಿಲು ದಾಟಬಾರದು. ಅಪ್ಪ ಕರೆಪ್ಪ ತಂಬಾಕು ತಿಂದು ತಿಂದೇ ದವಡೆ ಹುಣ್ಣಾಗಿ ಸತ್ತಿದ್ದ. ಹದಿಮೂರನೆಯ ದಿನ ಸಂಜಯ ತಾಯಿ ಸಾವಂತ್ರವ್ವನಿಂದ ತನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದ, ಇನ್ನು ಮನೆಯಲ್ಲಿ ತಂಬಾಕಿನ ಎಸಳೂ ಇರಬಾರದೆಂದು. ಹಾಲಿನ ಡೇರಿಯಲ್ಲಿ ಸೂಪರ್‌ವೈಸರ್ ಆದವನು ಮನೆಗೆ ಬಂದರೂ ಸೂಪರ್‌ವೈಸರೇ.

ಹೋದ ವಾರ ವಾಸನೆ ಬಂದಾಗ ಅಯಾಜನನ್ನು ಕೆಳಗೆ ಕರೆದು ಕೇಳಿದ್ದ. ಅವನು ತಲೆ ತಗ್ಗಿಸಿ, ಸೇದಿದ್ದು ತಾನೇ ಎಂದು ಒಪ್ಪಿಕೊಂಡ. ಹಾಗಾದರೆ ತಿಂಗಳ ಕೊನೆಗೆ ಮನೆ ಖಾಲಿ ಮಾಡು ಎಂದರೂ ಎದುರಾಡಲಿಲ್ಲ. ಈ ಮನೆ ಸಿಗುವ ಮುಂಚೆ ಆ ಗಂಡ ಹೆಂಡತಿ ಊರೆಲ್ಲ ತಿರುಗಿದ್ದು, ಹೆಸರು ಕೇಳಿದ ಕೂಡಲೇ ಬಾಗಿಲು ಹಾಕಿಸಿಕೊಂಡಿದ್ದು ಸಂಜಯನಿಗೆ ಗೊತ್ತಿತ್ತು. ಆದರೂ ಮಾತೆಂದರೆ ಮಾತು.

ಇವತ್ತು ಮಾತ್ರ ಲೆಕ್ಕ ತಪ್ಪಿತ್ತು. ಟೋಪಿ ಹಾಕಿಕೊಂಡು ಶುಕ್ರವಾರದ ನಮಾಜಿಗೆ ಹೊರಟ ಅಯಾಜ ಈಗಷ್ಟೇ ಗೇಟಿನಲ್ಲಿ ಎದುರಾಗಿದ್ದ. ಮೇಲೆ ಇರುವುದು ಅವನ ಹೆಂಡತಿ ಜೋಹರಾ ಒಬ್ಬಳೇ. ಹೆಂಗಸು ಸೇದುತ್ತಾಳೆಯೇ? ಸಂಜಯ ಬಾಗಿಲು ತಟ್ಟದೆ ತಳ್ಳಿದ.

ಗ್ಯಾಸಿನ ಮುಂದೆ ಸ್ಟೂಲಿನ ಮೇಲೆ ಸಾವಂತ್ರವ್ವ ಕೂತಿದ್ದಳು. ರೊಟ್ಟಿ ಹಂಚಿನ ಮೇಲೆ ತಂಬಾಕು ಕರ್ರಗೆ ಹುರಿಯುತ್ತಿತ್ತು. ಪುಡಿ ಮಾಡಿ ಒಸಡಿಗೆ ತಿಕ್ಕುವ ಮಶೇರಿ. ಜೋಹರಾ ಮೊರದಿಂದ ಹೊಗೆಯನ್ನು ಕಿಟಕಿಯತ್ತ ಬೀಸುತ್ತಿದ್ದಳು.

ಗ್ಯಾಸು ಆರಿಸಿದವಳು ಜೋಹರಾ. ನಂದಗಡದ ಸಂತೆಯಿಂದ ತಂಬಾಕು ತಂದುಕೊಟ್ಟಿದ್ದು ತಾನೇ ಎಂದಳು. ಇಬ್ಬರಿಗೂ ನಂದಗಡವೇ ತವರು. ತವರೂರಿನ ಮುದುಕಿ ಕೈ ಹಿಡಿದು ಬೇಡಿಕೊಂಡರೆ ಹೇಗೆ ಇಲ್ಲವೆನ್ನುವುದು. ಅಯಾಜ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲವಂತೆ.

"ಮತ್ತ ನಾನ ಸೇದೀನಿ ಅಂತ ಯಾಕ ಅಂದ?"

"ಆಣಿ ಮುರದದ್ದು ಗೊತ್ತಾದ್ರ ನೀವು ತಮ್ಮ ಮಾರಿ ಸೈತ ನೋಡೂದಿಲ್ಲ ಅಂತ ನಿಮ್ಮ ಆಯಿ ಅಂಜಿದ್ರು. ನಮಗ ಬ್ಯಾರೆ ಮನಿ ಸಿಗತೈತಿ, ಅವರಿಗೆ ಬ್ಯಾರೆ ಮಗ ಸಿಗ್ತಾನೇನು ಅಂದ್ರು ನಮ್ಮವರು."

ಸಂಜಯನಿಗೆ ಅವಳ ಮುಖ ನೋಡಲಾಗಲಿಲ್ಲ. ನಾಚಿಕೆಯೆಲ್ಲ ಸಿಟ್ಟಾಗಿ ತಾಯಿಯ ಕಡೆ ತಿರುಗಿತು.

"ಅಪ್ಪಗ ಏನಾತು ಅನ್ನೂದು ಮರತಿ ಏನವ್ವಾ?"

"ಮರತಿಲ್ಲೋ ಯಪ್ಪಾ. ಇದನ್ನ ತಿಕ್ಕಿದ್ರ ಉರಿ ಒಂದೀಟು ಕಡಿಮಿ ಆಗತೈತಿ."

"ಎಂಥಾ ಉರಿ?"

ಸಾವಂತ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಲ್ಲಿಲ್ಲವೆಂದು ದೀಪಾವಳಿಯಿಂದ ಬರೀ ಗಂಜಿ ಕುಡಿಯುತ್ತಿದ್ದವಳು ಅವಳು. ಸಂಜಯ ಅದನ್ನು ನಂಬಿದ್ದ.

"ತೋರಸ್ರಿ ಆಯೀ," ಎಂದಳು ಜೋಹರಾ. "ಇನ್ನ ಮುಚ್ಚಿಡೂದು ಬ್ಯಾಡ."

ಮುದುಕಿ ಕಿಟಕಿಯತ್ತ ತಿರುಗಿ, ಕಣ್ಣು ಮುಚ್ಚಿ, ಬಾಯಿ ತೆರೆದಳು. ಸಂಜಯ ಮೊಬೈಲಿನ ಬೆಳಕು ಬಿಟ್ಟ. ಎಡಗೆನ್ನೆಯ ಒಳಗೆ, ಅಪ್ಪನಿಗೆ ಮೊದಲು ಕಂಡ ಜಾಗದಲ್ಲೇ, ಅದೇ ಬಿಳಿ ಕಲೆ. ಬೆಳಕು ನೆಲಕ್ಕೆ ಜಾರಿತು. ಜೋಹರಾ ಮೊರ ಕೆಳಗಿಟ್ಟು, ಅವನ ಕೈಯಿಂದ ಮೊಬೈಲು ತೆಗೆದುಕೊಂಡು, ತಾನೇ ಹಿಡಿದು ನಿಂತಳು.